ಕಮಲಾಕ್ಷಮ್ಮನವರ ಕೈಗುಣ

ಕಮಲಾಕ್ಷಮ್ಮನವರು ಮನುಷ್ಯರನ್ನು ಅಳೆಯುತ್ತಿದ್ದದ್ದು ಮುಖ ನೋಡಿ ಅಲ್ಲ, ತಲೆಯ ಹಿಂಭಾಗ ನೋಡಿ. ರಾಜಾಜಿನಗರದ ಅವರ ಮನೆಯ ಹಿಂದಿನ ಎರಡು ಕೋಣೆಗಳನ್ನು ಬಾಡಿಗೆಗೆ ಕೇಳಲು ನಾನು ಹೋದ ಸಂಜೆ, ನಾನು ಯಾವುದೋ ಕಾಲೇಜಿನ ಕನ್ನಡ ಮೇಷ್ಟ್ರು ಎಂಬುದಷ್ಟೇ ತಿಳಿದಿದ್ದ ಅವರು, ಊರು ಯಾವುದು, ಮನೆಯಲ್ಲಿ ಎಷ್ಟು ಜನ ಎಂದು ಒಂದು ಮಾತೂ ಕೇಳದೆ, ಹಜಾರದ ನಡುವೆ ನಿಂತಿದ್ದ ನನಗೆ ಒಂದು ಸುತ್ತು ಪ್ರದಕ್ಷಿಣೆ ಹಾಕಿ, ಬೆನ್ನ ಹಿಂದೆ ಸ್ವಲ್ಪ ಹೊತ್ತು ನಿಂತು, "ಪಾಪ, ಒಂದೇ ಮಗ್ಗುಲಲ್ಲಿ ಮಲಗಿಸಿಬಿಟ್ಟಿದಾರೆ. ತಿರುಗಿಸಿ ಮಲಗ್ಸೋರು ಯಾರೂ ಇರ್ಲಿಲ್ವೇನೋ ಮೇಷ್ಟ್ರಿಗೆ" ಎಂದರು. ನನ್ನ ತಲೆಯ ಎಡಭಾಗ ಚಪ್ಪಟೆಯಾಗಿದೆಯೆಂಬುದು ಅಲ್ಲಿಯವರೆಗೆ ನನಗೇ ತಿಳಿಯದ ಸಂಗತಿಯಾಗಿತ್ತು. ಮನೆಯೇನೋ ಸಿಕ್ಕಿತು. ಅದು ನನ್ನ ಯೋಗ್ಯತೆಗೆ ಸಿಕ್ಕಿದ್ದಲ್ಲ, ಅನುಕಂಪಕ್ಕೆ ಸಿಕ್ಕಿದ್ದು ಎಂದು ಇವತ್ತಿಗೂ ನನ್ನ ಅನುಮಾನ.

ಅವರು ಕುಳ್ಳಗಿದ್ದರು, ತೆಳ್ಳಗಿದ್ದರು. ಮೈಯಲ್ಲಿ ದೊಡ್ಡದೆನ್ನಬಹುದಾದದ್ದು ಎರಡು ಅಂಗೈಗಳು ಮಾತ್ರ. ಆ ದೇಹಕ್ಕೆ ಹೊಂದದಷ್ಟು ಅಗಲವಾದ, ವರ್ಷಗಟ್ಟಲೆ ಎಣ್ಣೆ ಕುಡಿದು ಮೆತ್ತಗಾದ, ರೇಖೆಗಳೆಲ್ಲ ತೊಳೆದುಹೋದಂತೆ ಕಾಣುತ್ತಿದ್ದ ಅಂಗೈಗಳು. ಮಾರ್ಗಶಿರದ ಚಳಿ ಇಳಿಯಿತೆಂದರೆ ಸೀರೆಯ ಮೇಲೆ ಗಂಡನ ಹಳೆಯ ಕಂದು ಉಣ್ಣೆ ಕೋಟು ತೊಟ್ಟು, ತೋಳುಗಳನ್ನು ಮಡಚಿ ಮೇಲೇರಿಸಿ, ಒಂದು ಜೇಬಿನಲ್ಲಿ ಬಜೆ ಮತ್ತು ಜಾಯಿಕಾಯಿ, ಇನ್ನೊಂದರಲ್ಲಿ ಹರಳೆಣ್ಣೆಯ ಸೀಸೆ ಇಟ್ಟುಕೊಂಡು, ಬೆಳಗಾಗುತ್ತಲೇ ಹೊರಟುಬಿಡುವರು. ಅವರದು ನಡಿಗೆಯೆಂದರೆ ನಡಿಗೆಯಲ್ಲ, ಓಟಕ್ಕೆ ಸ್ವಲ್ಪವೇ ಕಡಿಮೆ. ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ನಿಲ್ಲದೆಯೇ, "ನೀರು ಆರ್ತದೆ, ಆಮೇಲೆ ಬರ್ತೀನಿ" ಎಂದು ಮುಂದಕ್ಕೆ ಸಾಗುವರು. ಯಾರದೋ ಮನೆಯ ಹಂಡೆಯಲ್ಲಿ ನೀರು ಕಾದಿದೆ, ಯಾರದೋ ಮನೆಯ ಕೂಸು ಇವರಿಗಾಗಿ ಕಾದಿದೆ ಎಂದು ಅದರ ಅರ್ಥ.

ಹಸುಗೂಸುಗಳಿಗೆ ನೀರೆರೆಯುವುದು ಅವರ ಕಾಯಕವಾಗಿತ್ತು. ಅದನ್ನು ಕಾಯಕವೆಂದು ಕರೆದವರು ಅವರ ಗಂಡ ಗುರುಬಸಪ್ಪನವರು. ತಿಪಟೂರಿನ ಕಡೆಯಿಂದ ಬಂದು ನೂಲಿನ ಗಿರಣಿಯೊಂದರಲ್ಲಿ ದುಡಿದು ನಿವೃತ್ತರಾದ, ಬೆಳಿಗ್ಗೆ ಲಿಂಗಪೂಜೆ ಸಂಜೆ ರೇಡಿಯೋ ವಾರ್ತೆ ಬಿಟ್ಟರೆ ಲೋಕದಿಂದ ಬೇರೇನನ್ನೂ ಬಯಸದ, ಮಾತನ್ನು ಬಹಳ ಜೋಪಾನವಾಗಿ ಖರ್ಚು ಮಾಡುವ ಮನುಷ್ಯ. ದಂಪತಿಗಳಿಗೆ ಮಕ್ಕಳಿರಲಿಲ್ಲ. ಇಲ್ಲದ್ದರ ಬಗ್ಗೆ ಕಮಲಾಕ್ಷಮ್ಮನವರು ಕಣ್ಣೀರು ಹಾಕಿದ್ದನ್ನು ಕಂಡವರಿಲ್ಲ. ಹಾಕಲು ಪುರಸೊತ್ತೂ ಇರಲಿಲ್ಲ. ಬಚ್ಚಲಿನಲ್ಲಿ ಮಣೆಯ ಮೇಲೆ ಕೂತು, ಸೀರೆಯನ್ನು ಮೊಣಕಾಲಿಗೆ ಸರಿಸಿ, ಎರಡೂ ಕಾಲು ನೀಡಿ, ಆ ಕಾಲುಗಳ ಮೇಲೆ ಕೂಸನ್ನು ಬೋರಲು ಹಾಕಿಕೊಂಡರೆಂದರೆ ಅವರಿಗೆ ಜಗತ್ತಿನ ಉಳಿದ ಸದ್ದುಗಳೆಲ್ಲ ನಿಂತುಹೋಗುತ್ತಿದ್ದವು. ಹರಳೆಣ್ಣೆ ತಿಕ್ಕಿ, ಬೆನ್ನು ನೀವಿ, ಮೂಗು ತೀಡಿ, ನೆತ್ತಿ ತಟ್ಟಿ, ನೀರಿನ ಬಿಸಿಯನ್ನು ಮೊಣಕೈಗೆ ಸುರಿದು ನೋಡಿ, ಒಂದು ಅಂಗೈಯನ್ನು ಕೂಸಿನ ಹುಬ್ಬಿನ ಮೇಲೆ ಸೂರಿನಂತೆ ಹಿಡಿದು, ಇನ್ನೊಂದರಿಂದ ಚೊಂಬು ಬಗ್ಗಿಸುವಾಗ, ಎಷ್ಟೇ ಚೀರುವ ಮಗುವಿಗೂ ಅವರು ಹೇಳುತ್ತಿದ್ದದ್ದು ಒಂದೇ ಮಾತು: "ಆಯ್ತಲ್ಲ, ಆಯ್ತಲ್ಲ, ಆಗೇ ಹೋಯ್ತಲ್ಲ." ಕೊನೆಯ ಚೊಂಬನ್ನು ನಿವಾಳಿಸಿ ಚೆಲ್ಲಿ, ಮೈ ಒರೆಸಿ, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಆ ಹೊಗೆಗೆ ಕೂದಲು ಆರಿಸಿ, ಬಟ್ಟೆಯಲ್ಲಿ ಸುತ್ತಿ ಮಲಗಿಸಿದರೆ ಕೂಸು ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಪ್ರತಿಯಾಗಿ ಅವರು ಪಡೆಯುತ್ತಿದ್ದದ್ದು ಎಲೆ ಅಡಿಕೆ. ಅದನ್ನೂ ಆ ಮನೆಯ ಹಿರಿಯರ ಕೈಗೇ ಕೊಟ್ಟು ಬರುತ್ತಿದ್ದರು.

ಅವರ ಕೈಗುಣದ ಬಗ್ಗೆ ನಮ್ಮ ಬೀದಿಯಲ್ಲಿ ಎರಡು ಅಭಿಪ್ರಾಯಗಳಿರಲಿಲ್ಲ. ನಮ್ಮ ಬೀದಿಯೇನು, ಬಸವೇಶ್ವರನಗರದ ಹೊಸ ಮನೆಗಳಿಂದಲೂ ಕರೆ ಬರುತ್ತಿತ್ತು. ಆ ಕೈಗುಣಕ್ಕೆ ಮೊದಲ ಪೆಟ್ಟು ಬಿದ್ದದ್ದು ಪಕ್ಕದ ಮನೆಯಲ್ಲಿ. ಅಲ್ಲಿ ಅಂಜನಮ್ಮ ಎಂಬವರಿದ್ದರು. ಅವರ ಮಗಳ ಚೊಚ್ಚಲ ಕೂಸಿಗೆ ಕಮಲಾಕ್ಷಮ್ಮನವರೇ ಎರೆಯುತ್ತಿದ್ದರು. ಒಂದು ಬೆಳಿಗ್ಗೆ ಎಂದಿನಂತೆ ಎರೆದು, ಹೊಗೆ ಹಾಕಿ, ಮಲಗಿಸಿ ಬಂದರು. ಸಂಜೆಗೆ ಕೂಸಿನ ಮೈ ಸುಡತೊಡಗಿತು. ಆಸ್ಪತ್ರೆಗೆ ಒಯ್ದರು, ಮಗು ಉಳಿಯಲಿಲ್ಲ. ಹುಟ್ಟಿದಾಗಿನಿಂದಲೇ ಶ್ವಾಸಕೋಶ ದುರ್ಬಲವಾಗಿತ್ತು, ಸೋಂಕು ತಡೆಯಲಿಲ್ಲ ಎಂದು ಡಾಕ್ಟರು ಹೇಳಿದರಂತೆ.

ಯಾರೂ ಕಮಲಾಕ್ಷಮ್ಮನವರನ್ನು ದೂರಲಿಲ್ಲ ಎಂಬುದನ್ನು ನಾನಿಲ್ಲಿ ನ್ಯಾಯವಾಗಿ ಹೇಳಬೇಕು. ಅಂಜನಮ್ಮನವರೇ ಅವರ ಕೈ ಹಿಡಿದುಕೊಂಡು, "ನಿಮ್ದೇನಿದೆ ಬಿಡಿ ಅಕ್ಕಾ, ನಮ್ಮ ಹಣೇಲಿ ಬರ್ದಿರ್ಲಿಲ್ಲ" ಎಂದು ಅತ್ತರು. ಆದರೆ ಆಮೇಲೆ ಹೆರಿಗೆಯಾದ ಮನೆಯಿಂದ ಕರೆ ಬರಲಿಲ್ಲ. ಊರಿಂದ ಅತ್ತೆ ಬಂದಿದ್ದಾರೆ, ಅವರೇ ಎರೆಯುತ್ತಾರೆ ಎಂದು ಹೇಳಿಕಳಿಸಿದರು. ಮತ್ತೊಂದು ಮನೆಯಲ್ಲಿ ಚಿಕ್ಕಮ್ಮ ಬಂದರು. ಇನ್ನೊಂದು ಮನೆಯವರು ಈಗ ಡಾಕ್ಟರು ಎಣ್ಣೆ ಬೇಡ ಅಂತಾರೆ ಎಂದರು. ನಮ್ಮ ಬೀದಿಯ ಜನ ಬಹಳ ಸಭ್ಯರು. ಒಬ್ಬರ ಮನಸ್ಸು ನೋಯಬಾರದೆಂದು ಅಷ್ಟೊಂದು ನೆಂಟರನ್ನು ಹುಟ್ಟಿಸಿಕೊಂಡರು. ಕಮಲಾಕ್ಷಮ್ಮನವರು ಎಲ್ಲವನ್ನೂ ಕೇಳಿ, "ಒಳ್ಳೇದೇ ಆಯ್ತಲ್ಲ" ಎನ್ನುತ್ತಿದ್ದರು. ಬೆಳಗಾದರೆ ಕೋಟು ತೊಟ್ಟುಕೊಂಡು ಗೇಟಿನವರೆಗೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ನಿಂತು ಒಳಗೆ ಬರುವರು. ಇದನ್ನು ಮನೆಯ ಪಕ್ಕದ ಓಣಿಗೆ ತೆರೆಯುವ ನನ್ನ ಕಿಟಕಿಯಿಂದ ನೋಡುತ್ತಿದ್ದ ನನಗೆ ಸಂಕಟವಾಗುತ್ತಿತ್ತು.

ಆ ಬೆಕ್ಕು ಬಂದದ್ದು ಇಂಥ ದಿನಗಳಲ್ಲಿ. ಬೂದು ಮೈಯ, ಒಂದು ಕಿವಿ ಹರಿದ, ಯಾರ ಮನೆಯದೂ ಅಲ್ಲದ ಹೆಣ್ಣು ಬೆಕ್ಕು. ನಮ್ಮೆರಡು ಸಂಸಾರಗಳಿಗೂ ಹಿತ್ತಲಿನಲ್ಲಿ ಒಂದೇ ಬಚ್ಚಲುಮನೆ. ಅದರ ಮೂಲೆಯಲ್ಲಿ, ಹಂಡೆಯ ಒಲೆಯ ಪಕ್ಕ, ತಿಪಟೂರಿನಿಂದ ಬಂದ ತೆಂಗಿನ ನಾರು ಚಿಪ್ಪುಗಳ ರಾಶಿ ಬಿದ್ದಿರುತ್ತಿತ್ತು. ಒಂದು ಬೆಳಿಗ್ಗೆ ನೀರು ಕಾಯಿಸಲು ನಾರು ಎಳೆಯಹೋದ ನನ್ನ ಹೆಂಡತಿ ಜಲಜಾ ಚೀರಿದಳು. ರಾಶಿಯೊಳಗೆ ಬೆಕ್ಕು ಮಲಗಿತ್ತು, ಅದರ ಹೊಟ್ಟೆಗೆ ಅಂಟಿಕೊಂಡು ಕಣ್ಣು ಬಿಡದ ಮೂರು ಮರಿಗಳು. ಕಮಲಾಕ್ಷಮ್ಮನವರು ಓಡಿಬಂದು, ಬಗ್ಗಿ, ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ನಿಂತು, ಎಷ್ಟೋ ದಿನಗಳಿಂದ ನಾವು ಕೇಳದಿದ್ದ ಅಧಿಕಾರದ ದನಿಯಲ್ಲಿ, "ಬಾಗಿಲು ಅರ್ಧ ಮುಚ್ಚು ಜಲಜಾ, ಗಾಳಿ ಹೊಡೀತದೆ ಕೂಸುಗಳಿಗೆ" ಎಂದರು.

ಅಂದಿನಿಂದ ಬಚ್ಚಲುಮನೆ ಬಾಣಂತಿಯ ಕೋಣೆಯಾಯಿತು. ಬೆಕ್ಕುಗಳ ಬಗ್ಗೆ ನನಗೆ ವಿಶೇಷ ಒಲವೇನೂ ಇಲ್ಲ; ಅವು ಮನುಷ್ಯರನ್ನು ನೋಡುವ ರೀತಿಯಲ್ಲಿ ಮರ್ಯಾದೆ ಕಡಿಮೆ. ಅಂಥ ಪ್ರಾಣಿಯೊಂದರ ಎದುರಿಗೆ ದಿನವೂ ಸ್ನಾನ ಮಾಡಬೇಕಾಗಿ ಬಂದದ್ದಲ್ಲದೆ, ಹೊರಗಿನಿಂದ, "ಚೊಂಬು ಸದ್ದು ಮಾಡ್ಬೇಡಿ ಮೇಷ್ಟ್ರೇ, ಬಾಣಂತಿ ಮಲಗಿದಾಳೆ" ಎಂಬ ಆಜ್ಞೆಯನ್ನೂ ಪಾಲಿಸಬೇಕಾಯಿತು. ಬೆಕ್ಕಿಗೆ ಮೊದಲು ಬಂದದ್ದು ಮೆಣಸು ಬೆಳ್ಳುಳ್ಳಿ ಹಾಕಿದ ಬಿಸಿ ಸಾರು ಅನ್ನ. ಅದು ಮೂಸಿ ಮುಖ ತಿರುಗಿಸಿತು. "ಪಥ್ಯ ಅಂದ್ರೆ ಯಾವ ಬಾಣಂತಿಗೆ ಸೇರ್ತದೆ" ಎಂದು ಗೊಣಗಿಕೊಂಡು ಹಾಲು ಅನ್ನ ಕಲಸಿ ತಂದರು. ನಡುವೆ ಒಂದು ಭಾನುವಾರ, ಅಂಜನಮ್ಮನವರ ಮನೆಯ ಕಡೆಯಿಂದ ಕಾಂಪೌಂಡು ಗೋಡೆಯ ಮೇಲೆ ಎಲೆಯೊಂದರಲ್ಲಿ ಮೀನಿನ ತಲೆಗಳು ಬಂದು ಕೂತವು. ಮಗು ಹೋದಮೇಲೆ ಎರಡು ಮನೆಗಳ ನಡುವೆ ಮಾತು ನಿಂತಿರಲಿಲ್ಲವಾದರೂ ತೀರ ಕಡಿಮೆಯಾಗಿತ್ತು. ಮೀನಿನ ವಾಸನೆಗೆ ಮೂಗು ಮುಚ್ಚುವ ಕಮಲಾಕ್ಷಮ್ಮನವರು ಅಂದು ಗೋಡೆಗೆ ಬೆನ್ನು ಹಾಕಿ, "ನಾನೇನೂ ನೋಡ್ಲಿಲ್ಲಪ್ಪ" ಎಂದು ಗಟ್ಟಿಯಾಗಿ ಹೇಳಿ ಒಳಗೆ ಹೋದರು. ಬೆಕ್ಕು ತನ್ನ ಪಾಲನ್ನು ತಾನೇ ತೆಗೆದುಕೊಂಡಿತು.

ಅವರ ಮುಖಕ್ಕೆ ಕಳೆ ಬಂದಿತ್ತು. ಬೆಕ್ಕಿನ ಬಾಣಂತನವೆಂದು ಬೀದಿಯವರು ನಕ್ಕರೂ, ಅವರು ನಿಜವಾಗಿ ಏನನ್ನು ಪರೀಕ್ಷೆಗಿಟ್ಟಿದ್ದರೆಂದು ನನಗೂ ಜಲಜಾಳಿಗೂ ತಿಳಿದಿತ್ತು. ಈ ಮೂರು ಜೀವಗಳು ಅವರ ಕೈಯಲ್ಲಿ ಬೆಳೆದು, ಗೋಡೆ ಹಾರಿ ಓಡಾಡಿದರೆ, ಆ ಕೈಗಳಲ್ಲಿ ದೋಷವಿಲ್ಲವೆಂದು ಬೇರೆ ಯಾರಿಗಲ್ಲದಿದ್ದರೂ ಅವರಿಗೇ ನಂಬಿಕೆ ಬರುತ್ತಿತ್ತು. ಜಲಜಾ ಆಗ ಗರ್ಭಿಣಿ. ಅವಳಿಗೆ ತಾಯಿ ಇರಲಿಲ್ಲ. ತನ್ನ ಕೂಸು ಯಾರ ಕಾಲ ಮೇಲೆ ಮಲಗಬೇಕೆಂದು ಅವಳು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿದ್ದಳು, ಬಾಯಿಬಿಟ್ಟು ಕೇಳಿರಲಿಲ್ಲ.

ಸೋನೆ ಮಳೆ ನಿಂತು ಬಿಸಿಲು ಕಂಡ ಒಂದು ಬೆಳಿಗ್ಗೆ ಬೆಕ್ಕು ಹೊರಗೆ ಹೋಗಿತ್ತು. ನಾನು ಸ್ನಾನಕ್ಕೆಂದು ಟವಲು ಹಿಡಿದು ಹೋದರೆ ಬಚ್ಚಲಿನ ಬಾಗಿಲಲ್ಲಿ ಹರಳೆಣ್ಣೆಯ ವಾಸನೆ. ಕಮಲಾಕ್ಷಮ್ಮನವರು ಮಣೆಯ ಮೇಲೆ ಕಾಲು ನೀಡಿ ಕೂತಿದ್ದರು. ಅವರು ಹಾಗೆ ಕೂತು ತಿಂಗಳುಗಳೇ ಆಗಿದ್ದವು. ಕಾಲ ಮೇಲೆ, ಅಂಗೈಯಲ್ಲಿ ಅಡಗುವಷ್ಟು ಪುಟ್ಟದಾದ ಮರಿ. "ಬರೀ ನೆಕ್ಕಿದ್ರೆ ಆಯ್ತಾ ಮೇಷ್ಟ್ರೇ? ನೋಡಿ, ಮೈಯೆಲ್ಲ ಮಸಿ, ಚಿಗಟ. ಅದಕ್ಕೇನು ಗೊತ್ತಾಗ್ತದೆ, ಪಾಪ, ಚೊಚ್ಚಲು" ಎಂದರು. ಒಂದೊಂದಕ್ಕೂ ಎಣ್ಣೆ ತಿಕ್ಕಿದರು, ಹೆಸರುಹಿಟ್ಟು ಹಚ್ಚಿದರು, ಹುಬ್ಬಿಲ್ಲದ ಹಣೆಯ ಮೇಲೆ ಅಂಗೈ ಅಡ್ಡ ಹಿಡಿದು ನೀರು ಬಿಟ್ಟರು, ಆಯ್ತಲ್ಲ ಆಯ್ತಲ್ಲ ಎಂದರು, ನಿವಾಳಿಸಿದರು, ಒರೆಸಿದರು. ಕೆಂಡಕ್ಕೆ ಸಾಂಬ್ರಾಣಿ ಬಿತ್ತು. ಹಳೆಯ ಮೆತ್ತನೆಯ ಸೀರೆ ಹಾಸಿದ ಬುಟ್ಟಿಯಲ್ಲಿ ಮೂರೂ ಮರಿಗಳು, ಎಂದೂ ಇಲ್ಲದ ಬಿಳುಪಿನಲ್ಲಿ, ಒಂದರ ಮೇಲೊಂದು ಬಿದ್ದು ನಿದ್ದೆಹೋದವು. ಅದನ್ನು ನೋಡುತ್ತಾ ಕೂತ ಆ ಹೆಂಗಸಿನ ಮುಖದಲ್ಲಿದ್ದ ತೃಪ್ತಿಯನ್ನು ನಾನು ಮರೆಯಲಾರೆ, ಮರೆತಿದ್ದರೆ ಚೆನ್ನಾಗಿತ್ತು.

ಬೆಕ್ಕು ಬಂತು. ನೇರವಾಗಿ ಬುಟ್ಟಿಯ ಬಳಿ ಹೋಗಿ ಮೂಸಿತು. ತಲೆ ಎತ್ತಿ ಸುತ್ತ ನೋಡಿತು. ಮತ್ತೆ ಮೂಸಿತು, ಹಿಂದಕ್ಕೆ ಸರಿಯಿತು, ಕಿವಿ ಚಪ್ಪಟೆ ಮಾಡಿಕೊಂಡು ಬುಸುಗುಟ್ಟಿತು. ತಾಯ ವಾಸನೆಗೆ ಮರಿಗಳು ಎಚ್ಚೆತ್ತು ಕುರುಡುಕುರುಡಾಗಿ ತಡಕಾಡುತ್ತಾ ಕೀಚುಗುಟ್ಟಿದವು. ಅದು ಅವುಗಳತ್ತ ನೋಡಲೇ ಇಲ್ಲ. ತೆಂಗಿನ ನಾರಿನ ರಾಶಿಯನ್ನು ಕೆದಕಿತು, ಹಂಡೆಯ ಹಿಂದೆ ಹುಡುಕಿತು, ನಮ್ಮ ಅಡುಗೆಮನೆಗೆ ಬಂತು, ಗುರುಬಸಪ್ಪನವರ ಪೂಜೆಯ ಕೋಣೆಗೂ ನುಗ್ಗಿತು. ಮನೆಯ ಮೂಲೆಮೂಲೆಯಲ್ಲಿ ನಿಂತು ಕೂಗಿತು. ತನ್ನ ಮಕ್ಕಳನ್ನು ಯಾರೋ ಒಯ್ದು, ಆ ಜಾಗದಲ್ಲಿ ಎಣ್ಣೆ ಹೊಗೆ ನಾರುವ ಬೇರೆ ಯಾರದೋ ಮಕ್ಕಳನ್ನಿಟ್ಟಿದ್ದಾರೆ ಎಂದು ಅದರ ಲೆಕ್ಕ. ಮಕ್ಕಳು ಕಣ್ಣೆದುರಿಗೇ ಕೂಗುತ್ತಿರುವಾಗ ತಾಯಿ ಮನೆಯೆಲ್ಲ ಮಕ್ಕಳಿಗಾಗಿ ಸಂಜೆಯವರೆಗೂ ಹುಡುಕಿತು.

ಆಮೇಲೆ ಕಮಲಾಕ್ಷಮ್ಮನವರು ಮಾಡದ ಪ್ರಯತ್ನವಿಲ್ಲ. ಒಲೆಯ ಬೂದಿ ಬಳಿದರು, ನಾರಿನ ಧೂಳನ್ನು ಮರಿಗಳ ಮೈಗೆ ತಿಕ್ಕಿದರು. ಬದುಕಿಡೀ ಕೂಸುಗಳ ಕೊಳೆ ತೊಳೆದ ಕೈಗಳು ಹಳೆಯ ಕೊಳೆಯನ್ನು ಮರಳಿ ತರಲು ಹೆಣಗಿದವು. ಬೆಕ್ಕನ್ನು ಬಲವಂತದಿಂದ ಬುಟ್ಟಿಯ ಬಳಿ ಒತ್ತಿ ಹಿಡಿಯಹೋಗಿ ಮುಂಗೈ ಪರಚಿಸಿಕೊಂಡರು. ಹತ್ತಿಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಬಾಯಿಗಿಟ್ಟರು. ಅದು ಒಳಗೆ ಹೋದದ್ದಕ್ಕಿಂತ ಹೊರಗೆ ಸೋರಿದ್ದೇ ಹೆಚ್ಚು. ಕೋಟಿನ ಒಳಗೆ, ಎದೆಯ ಬೆಚ್ಚಗೆ ಮರಿಗಳನ್ನಿಟ್ಟುಕೊಂಡು ಒಲೆಯ ಮುಂದೆ ಕೂತರು. ಮೊದಲು ಒಂದು ಸುಮ್ಮನಾಯಿತು, ಆಮೇಲೆ ಇನ್ನೊಂದು. ಮೂರನೆಯದು ಸ್ವಲ್ಪ ಗಟ್ಟಿ. ಅದು ಬತ್ತಿಯನ್ನು ಚೀಪಲೂ ಕಲಿತಿತ್ತು. ಉಳಿದೀತೆಂದು ನಾವೆಲ್ಲ ಆಸೆಪಟ್ಟೆವು. ನಾನು, ಬೆಕ್ಕೆಂದರೆ ಆಗದವನು, ಕಾಲೇಜಿನಿಂದ ಬರುತ್ತಾ ಬಸ್ಸಿನಿಂದಿಳಿದು ಮೊದಲು ಬಚ್ಚಲಿಗೇ ಹೋಗುತ್ತಿದ್ದೆ. ಅದೂ ಉಳಿಯಲಿಲ್ಲ.

ಹಿತ್ತಲಿನ ದಾಸವಾಳದ ಗಿಡದ ಕೆಳಗೆ ಗುರುಬಸಪ್ಪನವರು ಗುಂಡಿ ತೋಡಿ ಮುಚ್ಚಿ, ಹೆಂಡತಿಯ ಪಕ್ಕದಲ್ಲಿ ಬಂದು ನಿಂತು, "ಬಿಡೇ. ಅವುಗಳ ಹಣೇಬರಹ" ಎಂದರು.

"ಹಣೇಬರಹ ಅಲ್ಲ ರೀ. ಹರಳೆಣ್ಣೆ" ಎಂದರು ಕಮಲಾಕ್ಷಮ್ಮನವರು.

ಬೆಕ್ಕು ಇನ್ನೂ ಸ್ವಲ್ಪ ದಿನ ಹುಡುಕಿ, ಕೂಗಿ, ಆಮೇಲೆ ಎಲ್ಲ ಮರೆತು ಗೋಡೆಯ ಮೇಲೆ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಾ ಮಲಗತೊಡಗಿತು. ಮರೆವಿನ ಆ ಅನುಗ್ರಹ ಕಮಲಾಕ್ಷಮ್ಮನವರಿಗೆ ಒದಗಲಿಲ್ಲ. ಒಂದು ಸಂಜೆ ನಾನು ಮೇಷ್ಟ್ರ ಧೋರಣೆಯಲ್ಲಿ ಅವರಿಗೆ ಸಮಾಧಾನ ಹೇಳಹೋದೆ. ಬೆಕ್ಕು ಬೇರೆ, ಮನುಷ್ಯರು ಬೇರೆ; ಇಷ್ಟು ವರ್ಷ ಎಷ್ಟೊಂದು ಮಕ್ಕಳಿಗೆ ಎರೆದಿದ್ದೀರಿ, ಎಲ್ಲ ಗುಂಡುಕಲ್ಲಿನ ಹಾಗಿವೆ; ಅಂಜನಮ್ಮನವರ ಮೊಮ್ಮಗುವಿಗೆ ರೋಗವಿತ್ತು ಎಂದು ಡಾಕ್ಟರೇ ಹೇಳಿದ್ದಾರೆ ಎಂದೆಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಬಹಳ ಮೆಲ್ಲಗೆ, ಜಗಳದ ಛಾಯೆಯೂ ಇಲ್ಲದೆ, "ಇದನ್ನ ಕಣ್ಣಾರೆ ಕಂಡೆ ಮೇಷ್ಟ್ರೇ. ಅದನ್ನ ಕಾಣ್ಲಿಲ್ಲ, ಅಷ್ಟೇ" ಎಂದರು. ಅವರ ತರ್ಕ ತಪ್ಪೆಂದು ನನಗೆ ಗೊತ್ತಿತ್ತು, ಆದರೆ ತಪ್ಪು ಎಲ್ಲಿದೆಯೆಂದು ಬೆರಳಿಟ್ಟು ತೋರಿಸಲು ಆಗಲಿಲ್ಲ.

ಬೇಸಿಗೆಯಲ್ಲಿ ಜಲಜಾಳಿಗೆ ಹೆಣ್ಣು ಮಗುವಾಯಿತು. ಕೆಂಗೇರಿಯಿಂದ ಅವಳ ಸೋದರತ್ತೆ ಬಂದು ನಾಮಕರಣದವರೆಗೆ ಇದ್ದು, ತಮ್ಮ ಸಂಸಾರದ ಕರೆಗೆ ಹೊರಟುಹೋದರು. ಅವರು ಹೋದ ಮರುದಿನ ಜಲಜಾ ಮಗುವನ್ನೆತ್ತಿಕೊಂಡು ಕಮಲಾಕ್ಷಮ್ಮನವರ ಬಳಿ ಹೋಗಿ, "ಇವತ್ತಿಂದ ನೀವೇ ಎರೀಬೇಕು ಅಮ್ಮಾ" ಎಂದು ಕೂಸನ್ನು ಮುಂದಕ್ಕೆ ಚಾಚಿದಳು. ಕಮಲಾಕ್ಷಮ್ಮನವರು ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡರು.

"ಬಾಯಿ ಕೊಡ್ತೀನಿ ಕಣೇ. ಕೈ ಮಾತ್ರ ಕೇಳ್ಬೇಡ" ಎಂದರು.

ಜಲಜಾ ಅತ್ತಳು, ಬೇಡಿದಳು, ಸಿಟ್ಟು ಮಾಡಿದಳು. ಯಾವುದಕ್ಕೂ ಅವರು ಕರಗಲಿಲ್ಲ. ಮರುದಿನ ಬೆಳಿಗ್ಗೆ ಮಾತ್ರ, ಕರೆಯದೆಯೇ ಬಂದು ಬಚ್ಚಲಿನ ಹೊಸ್ತಿಲ ಮೇಲೆ ಕೂತು, ಸೆರಗಿನೊಳಗಿನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, "ಮಣೆ ಹಾಕ್ಕೋ. ಕಾಲು ನೀಡು. ಇಷ್ಟು ದೂರ ಅಲ್ಲ, ಕಾಲು ಕೂಡಿಸು" ಎಂದು ಶುರುಮಾಡಿದರು. ಹೀಗೆ ನನ್ನ ಮಗಳ ಸ್ನಾನ ಅವರ ಬಾಯಿಂದ ನಡೆಯತೊಡಗಿತು. ನೀರು ಬೆರಸಿ ಕೊಡುವುದು ನನ್ನ ಕೆಲಸ. ಎಣ್ಣೆ ಎಷ್ಟು, ನೀರಿನ ಬಿಸಿ ಎಷ್ಟು, ಬೆನ್ನು ನೀವುವಾಗ ಹೆಬ್ಬೆರಳು ಎಲ್ಲಿರಬೇಕು, ಯಾವ ಅಳು ಹಟದ್ದು, ಯಾವುದು ನೋವಿನದ್ದು, ಎಲ್ಲವನ್ನೂ ಹೊಸ್ತಿಲಿನಿಂದಲೇ ಹೇಳುತ್ತಿದ್ದರು. ಹೇಳುತ್ತಿರುವಾಗ ಸೆರಗಿನೊಳಗೆ ಆ ಬೆರಳುಗಳು ಆಡುತ್ತಿರುವುದು ನಮಗೆ ಕಾಣುತ್ತಿತ್ತು.

ಒಂದು ದಿನ ಅನಾಹುತವೇ ಆಗುವುದರಲ್ಲಿತ್ತು. ಎಣ್ಣೆಯ ಜಾರಿಕೆಗೆ, ಕೂಸು ಕೊಸರಿದ ರಭಸಕ್ಕೆ, ಜಲಜಾಳ ಕಾಲಿನಿಂದ ಅದು ಒಂದು ಪಕ್ಕಕ್ಕೆ ಜಾರಿತು. ಕೆಳಗೆ ಬಚ್ಚಲಿನ ಕಲ್ಲು. ನನ್ನ ಎರಡು ಕೈಯಲ್ಲೂ ಕುದಿನೀರಿನ ಬಕೆಟ್ಟು. "ಅಮ್ಮಾ, ಹಿಡ್ಕೊಳ್ಳಿ!" ಎಂದು ಜಲಜಾ ಕಿರುಚಿದಳು. ಕೂಸಿಗೆ ಎಲ್ಲರಿಗಿಂತ ಹತ್ತಿರವಿದ್ದವರು ಕಮಲಾಕ್ಷಮ್ಮನವರು. ಸೆರಗು ಸರಿಯಿತು, ಆ ಅಗಲವಾದ ಅಂಗೈಗಳೆರಡೂ ಮುಂದಕ್ಕೆ ಚಾಚಿದವು, ಚಾಚಿ, ಗಾಳಿಯಲ್ಲೇ ನಿಂತುಬಿಟ್ಟವು. "ಕತ್ತಿನ ಕೆಳಗೆ ಕೈ ಕೊಡು! ಕತ್ತಿನ ಕೆಳಗೆ ಕಣೇ!" ಎಂದು ಅವರು ಕೂಗಿದ ಕೂಗಿಗೆ ಜಲಜಾಳ ಕೈ ತಾನಾಗಿ ಕೂಸಿನ ಕತ್ತಿನ ಕೆಳಗೆ ಹೋಯಿತು. ಮಗುವಿಗೆ ಏನೂ ಆಗಲಿಲ್ಲ. ಕಮಲಾಕ್ಷಮ್ಮನವರು ಮಾತ್ರ ಬೆವರಿ ತೊಯ್ದುಹೋಗಿದ್ದರು. ಅಂದು ಅವರು ಹೊಸ್ತಿಲಿನಿಂದ ಏಳಲು ಬಹಳ ಹೊತ್ತು ಹಿಡಿಯಿತು.

ಮಗು ನಡೆಯಲು ಕಲಿತ ವರ್ಷ ನಾವು ನಂದಿನಿ ಲೇಔಟಿಗೆ ಮನೆ ಬದಲಿಸಿದೆವು. ಸಾಮಾನೆಲ್ಲ ಗಾಡಿಗೆ ಏರಿದ ಮೇಲೆ ಹೇಳಿ ಹೋಗಲು ಒಳಗೆ ಹೋದೆವು. ಗುರುಬಸಪ್ಪನವರು ವಿಭೂತಿ ಹಚ್ಚಿ ಹರಸಿದರು. ಮಗು ಜಲಜಾಳ ಕೈ ಬಿಡಿಸಿಕೊಂಡು, ತಪ್ಪುಹೆಜ್ಜೆ ಇಡುತ್ತಾ ಓಡಿ, ದಿನವೂ ಹೊಸ್ತಿಲ ಮೇಲೆ ಕೂತು ತನಗೆ ನೀರೆರೆಸುತ್ತಿದ್ದ ಅಜ್ಜಿಯ ಮೊಣಕಾಲುಗಳನ್ನು ತಬ್ಬಿ ಹಿಡಿಯಿತು. ಕಮಲಾಕ್ಷಮ್ಮನವರು ಎದೆಮಟ್ಟದ ನೀರಿನಲ್ಲಿ ನಿಂತವರಂತೆ ಎರಡೂ ಕೈಗಳನ್ನು ಮೇಲೆತ್ತಿಕೊಂಡು, ಅಲುಗಾಡದೆ, "ಆಯ್ತಲ್ಲ, ಆಯ್ತಲ್ಲ" ಎನ್ನುತ್ತಾ ನಿಂತರು. ಕಣ್ಣಿಂದ ನೀರು ಸುರಿಯುತ್ತಿತ್ತು. ಅದನ್ನು ಒರೆಸಿಕೊಳ್ಳಲೂ ಕೈ ಕೆಳಗಿಳಿಸಲಿಲ್ಲ. ಜಲಜಾ ಬಂದು ಮಗುವನ್ನು ಬಿಡಿಸಿ ಎತ್ತಿಕೊಂಡಳು.

ತಪ್ಪು ಮಾಡಿದವರಿಗೆ ನಮ್ಮಲ್ಲಿ ಆಸರೆಗಳು ಬೇಕಾದಷ್ಟಿವೆ. ಹಣೆಬರಹವಿದೆ, ಗ್ರಹಚಾರವಿದೆ, ಡಾಕ್ಟರ ಮಾತಿದೆ, ಸಭ್ಯ ನೆರೆಹೊರೆಯಿದೆ. ನನ್ನಂಥವರು ಯಾವುದಾದರೊಂದನ್ನು ಹಿಡಿದುಕೊಂಡು ಊಟ ಮಾಡಿ ನಿದ್ದೆ ಹೋಗುತ್ತೇವೆ. ಎಲ್ಲೋ ಕೆಲವರು ಮಾತ್ರ ಅವನ್ನೆಲ್ಲ ದೂರ ತಳ್ಳಿ, ಇದು ನನ್ನ ಕೈಯಿಂದಾಯಿತು ಎಂದುಬಿಡುತ್ತಾರೆ. ಅವರು ಪ್ರೀತಿಸುವುದನ್ನು ಬಿಡುವುದಿಲ್ಲ. ಬಿಟ್ಟಿದ್ದರೆ ಬದುಕು ಹಗುರವಾಗುತ್ತಿತ್ತು. ಪ್ರೀತಿಸಿದ್ದನ್ನು ಮುಟ್ಟುವ ಹಕ್ಕನ್ನು ಮಾತ್ರ ತಮ್ಮಿಂದ ತಾವೇ ಕಿತ್ತುಕೊಂಡು, ಉಳಿದವರಿಗೆ ಕಲಿಸುತ್ತಾ, ಕಾಯುತ್ತಾ, ಹೊಸ್ತಿಲ ಈಚೆಗೆ ಉಳಿದುಬಿಡುತ್ತಾರೆ. ಅಂಥವರನ್ನು ನಾವು ಒಳ್ಳೆಯವರೆಂದು ಹೇಳುತ್ತೇವೆ, ಬರೆಯುತ್ತೇವೆ. ಹಾಗೆಂದು ಅವರನ್ನು ನಂಬಿಸಲು ಮಾತ್ರ ನಮ್ಮಿಂದ ಆಗುವುದಿಲ್ಲ.